ಕೆಲಸ ಹತ್ತು ಕಡೆ, ಕಿರ್ದಿ ಒಂದೇ ಕಡೆ

ಬೆಳಗಿನ ಜಾವ 5 ಗಂಟೆ 29 ನಿಮಿಷಕ್ಕೆ ನಮ್ಮ ಪೇಮೆಂಟ್ ಸರ್ವರಿನ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಯುಟಿಸಿ ಲೆಕ್ಕದಲ್ಲಿ ಅದು ರಾತ್ರಿ 11:59. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಬೆಂಗಳೂರಿನಲ್ಲಿ ಆಗ ಹಾಲಿನ ಗಾಡಿ ಬರುವ ಹೊತ್ತು. 5:40ಕ್ಕೆ ಆನ್‌ಕಾಲ್ ಫೋನ್ ಹೊಡೆದುಕೊಂಡಿತು. ಹೊಸ ಸರ್ಟಿಫಿಕೇಟ್ ಹಾಕಿ ಎಲ್ಲ ಸರಿಹೋಗುವಷ್ಟರಲ್ಲಿ 7:10 ಆಗಿತ್ತು. ಅಷ್ಟು ಹೊತ್ತೂ ಗಿರಾಕಿಗಳ ದುಡ್ಡು ಕಟ್ಟುವ ಪುಟ ತೆರೆಯಲಿಲ್ಲ. ಸ್ಟ್ಯಾಂಡಪ್‌ನಲ್ಲಿ ತಂಡದ ಕಿರಿಯ ಹುಡುಗಿ ಮೆಲ್ಲಗೆ ಕೇಳಿದಳು: "ಸರ್, ಇದನ್ನ ನೀವೇ ನೋಡ್ಕೋತೀನಿ ಅಂದಿದ್ರಲ್ವಾ?"

ಹೌದು, ಅಂದಿದ್ದೆ. ಮೂರು ವಾರದ ಹಿಂದೆ, ಸ್ಲ್ಯಾಕ್‌ನ ಒಂದು ಥ್ರೆಡ್‌ನಲ್ಲಿ, ಹೆಬ್ಬೆರಳಿನ ಎಮೋಜಿ ಒತ್ತಿ. ಸರ್ಟಿಫಿಕೇಟ್ ಸತ್ತ ದಿನ ನನ್ನ ಜಿರಾ ಬೋರ್ಡಿನಲ್ಲಿ ಬಾಕಿ ಏನೂ ಇರಲಿಲ್ಲ. ಗಿಟ್‌ಹಬ್‌ನಲ್ಲಿ ನನಗಾಗಿ ಕಾಯುತ್ತಿದ್ದ ರಿವ್ಯೂ ಒಂದೂ ಇರಲಿಲ್ಲ. ಮಾತು ಕೊಟ್ಟದ್ದು ಮೂರನೇ ಕಡೆ. ಅಲ್ಲಿಗೆ ನಾನು ಮತ್ತೆ ಹೋಗಿ ನೋಡಲೇ ಇಲ್ಲ.

ತಿಪಟೂರಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಅಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಗಲ್ಲಾಪೆಟ್ಟಿಗೆಯ ಪಕ್ಕ ಕಿರ್ದಿ. ಆ ದಿನ ಕೊಟ್ಟದ್ದು, ತಂದದ್ದು, ಯಾರಿಗೋ ಹೇಳಿದ್ದು ಎಲ್ಲ ನಡೆದ ಕ್ರಮದಲ್ಲೇ ಅದರಲ್ಲಿ ಇಳಿಯುತ್ತಿತ್ತು. ಹಿಂದಿನ ಕಪಾಟಿನಲ್ಲಿ ಖತಾವಣಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ, ಕೊಬ್ಬರಿ ಮಂಡಿಯವರಿಗೆ ಬೇರೆ ಪುಟ. ಕಿರ್ದಿಯ ಪ್ರತಿ ಸಾಲಿನ ಅಂಚಿಗೆ ಖತಾವಣಿಯ ಪುಟದ ನಂಬರು. ಪೂರ್ತಿ ಲೆಕ್ಕ ಬೇಕಾದರೆ ಆ ಪುಟ ತೆಗೆದರಾಯಿತು, ದಿನದ ವ್ಯವಹಾರಕ್ಕೆ ಕಿರ್ದಿ ಒಂದೇ ಸಾಕು.

ಜಿರಾ, ಗಿಟ್‌ಹಬ್, ಸೆಂಟ್ರಿ ಇವೆಲ್ಲ ಖತಾವಣಿಗಳು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಏಳೆಂಟು ಖತಾವಣಿ ಇವೆ, ಕಿರ್ದಿಯೇ ಇಲ್ಲ. ಆ ಬೆಳಗ್ಗೆಯಿಂದೀಚೆಗೆ, ಎರಡು ವರ್ಷವಾಯಿತು, ನಾನು ಕಿರ್ದಿ ಇಟ್ಟಿದ್ದೇನೆ. ಅದರಿಂದ ಕೈಗೆ ಹತ್ತಿದ ಸೂತ್ರಗಳು ಇವು.

1. ಕೆಲಸ ಎಲ್ಲೆಲ್ಲಿಂದ ಬರುತ್ತದೆ, ಬೆರಳು ಮಡಚಿ ಎಣಿಸಿ

ಕಳೆದ ಎರಡು ವಾರದ ಕೆಲಸಗಳನ್ನು ನೆನಪಿಸಿಕೊಂಡು, ಒಂದೊಂದೂ ಮೊದಲು ಎಲ್ಲಿ ಕಾಣಿಸಿಕೊಂಡಿತು ಎಂದು ಕಾಗದದ ಮೇಲೆ ಬರೆಯಿರಿ. ನನಗೆ ಹನ್ನೊಂದು ಸಿಕ್ಕವು: ಜಿರಾ ಟಿಕೆಟ್, ಗಿಟ್‌ಹಬ್‌ನಲ್ಲಿ ನನ್ನನ್ನು ಕೇಳಿದ ರಿವ್ಯೂ, ನನ್ನದೇ ಪಿಆರ್‌ಗೆ ಬಂದ ಕಾಮೆಂಟ್, ಸ್ಲ್ಯಾಕ್, ಇಮೇಲ್, ಸೆಂಟ್ರಿಯ ಎರರ್, ಗೂಗಲ್ ಡಾಕ್ಸ್‌ನ ಅಂಚಿನ ಕಾಮೆಂಟ್, ಫಿಗ್ಮಾ, ಮೀಟಿಂಗು, ವಾಟ್ಸ್‌ಆ್ಯಪ್, ಕಾಫಿ ಮಷಿನ್ ಪಕ್ಕ ನಿಂತು ಆಡಿದ ಮಾತು. ಕೊನೆಯದನ್ನು ಬಿಡಬೇಡಿ. ಯಾವ ಟೂಲೂ ದಾಖಲು ಮಾಡದ ಮೂಲ ಅದೊಂದೇ.

ಇವುಗಳಲ್ಲಿ ಯಾವುದೂ ನಿಮ್ಮ ದಿನಕ್ಕಾಗಿ ಹುಟ್ಟಿದ್ದಲ್ಲ ಎನ್ನುವುದು ತಿಳಿದಿರಲಿ. 2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಕಂಪನಿ ಜಿರಾವನ್ನು ತಂದದ್ದು ಬಗ್‌ಗಳ ಲೆಕ್ಕ ಇಡಲಿಕ್ಕೆ. ಅದಕ್ಕೂ ಮೊದಲು ಅವರು ಬಗ್‌ಜಿಲ್ಲಾ ಬಳಸುತ್ತಿದ್ದರು, ಆ ಹೆಸರಿನಿಂದ ಗಾಡ್ಜಿಲ್ಲಾ ನೆನಪಾಗಿ, ಅದರ ಜಪಾನಿ ಹೆಸರು ಗೊಜಿರಾದ ಬಾಲ ಉಳಿದು ಜಿರಾ ಆಯಿತು. 2008ರ ಗಿಟ್‌ಹಬ್ ಕೋಡ್‌ನ ಸುತ್ತ ಬೆಳೆಯಿತು. ಒಂದಕ್ಕೆ ಬಗ್ ಮುಖ್ಯ, ಇನ್ನೊಂದಕ್ಕೆ ಕೋಡ್ ಮುಖ್ಯ. ನಿಮ್ಮ ಮಂಗಳವಾರ ಹೇಗೆ ಸಾಗಬೇಕು ಎನ್ನುವುದು ಎರಡಕ್ಕೂ ಗೊತ್ತಿಲ್ಲ.

2. ಕೆಲಸವನ್ನು ನಕಲು ಮಾಡಬೇಡಿ, ಅದರ ವಿಳಾಸ ಬರೆಯಿರಿ

ನನ್ನ ಮೊದಲ ಪಟ್ಟಿ ಎಡವಿದ್ದು ಇಲ್ಲೇ. ಟಿಕೆಟ್‌ನ ವಿವರಣೆಯನ್ನೆಲ್ಲ ಎತ್ತಿ ನನ್ನ ಫೈಲಿಗೆ ಅಂಟಿಸಿಕೊಂಡಿದ್ದೆ. ಒಂದೇ ಕಡೆ ಎಲ್ಲ ಸಿಗುತ್ತದಲ್ಲ ಎಂಬ ಆಸೆ. ನಾಲ್ಕು ದಿನದ ಮೇಲೆ ಪ್ರಾಡಕ್ಟ್‌ನವರು ಟಿಕೆಟ್‌ನಲ್ಲಿ ರಿಫಂಡ್ ಅವಧಿಯನ್ನು 7 ದಿನದಿಂದ 10 ದಿನಕ್ಕೆ ಬದಲಿಸಿದರು. ನನ್ನ ನಕಲಿನಲ್ಲಿ 7 ಹಾಗೇ ಉಳಿಯಿತು. ನಾನು ನಕಲನ್ನೇ ನೋಡಿ ಕೋಡ್ ಬರೆದೆ, ಕ್ಯೂಎ ವಾಪಸ್ ಕಳಿಸಿತು, ಎರಡು ದಿನ ನೀರಿನಲ್ಲಿ ಹೋಮವಾಯಿತು.

ಆಗ ಅಪ್ಪನ ಕಿರ್ದಿಯ ಅಂಚು ನೆನಪಾಯಿತು. ಅಲ್ಲಿ ಇದ್ದದ್ದು ಬರೀ ಪುಟದ ನಂಬರು. ಈಗ ನನ್ನ ಪಟ್ಟಿಯ ಒಂದು ಸಾಲಿನಲ್ಲಿ ನಾಲ್ಕೇ ಸಂಗತಿ: ನಾನು ಮಾಡಬೇಕಾದ್ದು, ಟಿಕೆಟ್ ಅಥವಾ ಪಿಆರ್ ನಂಬರು, ಅದರ ಲಿಂಕ್, ಯಾರು ಕಾಯುತ್ತಿದ್ದಾರೆ. ಕೆಲಸ ಯಾವ ಹಂತದಲ್ಲಿದೆ, ಏನೇನು ಮಾಡಬೇಕು ಎನ್ನುವುದಕ್ಕೆ ಜಿರಾ ಹೇಳಿದ್ದೇ ಪ್ರಮಾಣ. ಇವತ್ತು ನಾನು ಏನು ಮಾಡುತ್ತೇನೆ ಎನ್ನುವುದಕ್ಕೆ ನನ್ನ ಪಟ್ಟಿ ಪ್ರಮಾಣ. ಒಂದೇ ಪ್ರಶ್ನೆಗೆ ಎರಡು ಕಡೆ ಉತ್ತರ ಇರಕೂಡದು.

3. ಸಾಲಿನಲ್ಲಿ ಕ್ರಿಯಾಪದ ಇರಲಿ

ನನ್ನದೊಂದು ಮಂಗಳವಾರದ ಪುಟ ಹೀಗಿತ್ತು:

ಪೇ-412: ಶುಕ್ರವಾರದ ಲಾಗ್‌ನಲ್ಲಿ ಎರಡನೇ ರಿಫಂಡ್‌ನ ರಿಕ್ವೆಸ್ಟ್ ಐಡಿ ಹುಡುಕು. ಸಪೋರ್ಟ್‌ನವರು ಕಾಯುತ್ತಿದ್ದಾರೆ.
ಪಿಆರ್ 1187: ಡೇಟಾಬೇಸ್ ಮೈಗ್ರೇಷನ್ ಓದು, ಟೇಬಲ್ ಲಾಕ್ ಆಗುತ್ತದಾ ಕೇಳು. 11ರೊಳಗೆ.
ನನ್ನ ಪಿಆರ್ 1179: ಎರಡು ಕಾಮೆಂಟ್‌ಗೆ ಉತ್ತರ ಬರೆ, ಟೆಸ್ಟ್ ಒಂದು ಸೇರಿಸು.
ಸ್ಲ್ಯಾಕ್, ಕ್ಯೂಎ ಥ್ರೆಡ್: ಸ್ಟೇಜಿಂಗ್‌ನಲ್ಲಿ ಹಳೇ ಬಿಲ್ಡ್ ಯಾಕೆ ಕೂತಿದೆ ನೋಡಿ ಹೇಳು.
ಬಾಯಿಮಾತು: ಸೆಟಪ್ ಡಾಕ್ಯುಮೆಂಟ್‌ನ 4ನೇ ಹಂತ ತಿದ್ದು. ಹೊಸಬರು ಗುರುವಾರ ಸೇರುತ್ತಾರೆ.

ಮೊದಲ ಸಾಲು ಅದಕ್ಕೂ ಹಿಂದಿನ ಐದು ದಿನ "ಪೇ-412, ರಿಫಂಡ್ ಬಗ್" ಎಂದಷ್ಟೇ ಇತ್ತು. ದಿನಾ ಅದರ ಮೇಲೆ ಕಣ್ಣು ಹೋಗುತ್ತಿತ್ತು, ದಿನಾ ದಾಟಿ ಹೋಗುತ್ತಿದ್ದೆ. "ರಿಫಂಡ್ ಬಗ್" ಎನ್ನುವುದು ಒಂದು ವಿಷಯ, ವಿಷಯವನ್ನು ಯಾರೂ ಮಾಡಲಾಗುವುದಿಲ್ಲ. "ರಿಕ್ವೆಸ್ಟ್ ಐಡಿ ಹುಡುಕು" ಎಂದು ಬರೆದ ದಿನ 40 ನಿಮಿಷದಲ್ಲಿ ಐಡಿ ಸಿಕ್ಕಿತು. ಟೈಮ್‌ಔಟ್ ಆದ ಮೇಲೆ ನಮ್ಮ ಕೋಡ್ ಅದೇ ರಿಫಂಡನ್ನು ಮತ್ತೆ ಕಳಿಸುತ್ತಿದೆ ಎಂದು ಗೊತ್ತಾಯಿತು, ಸಂಜೆಯೊಳಗೆ ಪಿಆರ್ ಹಾಕಿದೆ. ಡೇವಿಡ್ ಅಲೆನ್ 2001ರ ತಮ್ಮ 'ಗೆಟಿಂಗ್ ಥಿಂಗ್ಸ್ ಡನ್' ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಮುಂದಿನ ಕೈಕೆಲಸ ಯಾವುದು ಎಂದು ಬರೆಯದ ಹೊರತು ಅದು ಪಟ್ಟಿಯಲ್ಲಿದ್ದೂ ಇಲ್ಲದ ಹಾಗೆ.

ಇದರಲ್ಲಿ ಮನಸ್ಸಿನ ವಿಚಾರವೂ ಇದೆ. ಮುಗಿಯದೆ ಅರ್ಧಕ್ಕೆ ನಿಂತ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದರ ಮುಂದಿನ ಹೆಜ್ಜೆ ಇದೆ: ಹಾಗೆ ಕಾಡುವ ಕೆಲಸವನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಜಿಸಿದರೂ ಕಾಟ ತಗ್ಗುತ್ತದೆ. ರಾತ್ರಿ ಊಟದ ಹೊತ್ತಿನಲ್ಲಿ ಕೆಲಸ ತಲೆ ತಿನ್ನುತ್ತಿದ್ದರೆ ಎದ್ದು ಹೋಗಿ ಒಂದು ಸಾಲು ಬರೆದು ಬನ್ನಿ. ಲ್ಯಾಪ್‌ಟಾಪ್ ತೆರೆಯುವುದು ಬೇಡ.

4. ಎಮೋಜಿಗಿಂತ ಮೊದಲು ಪಟ್ಟಿ

ಸ್ಲ್ಯಾಕ್‌ನಲ್ಲಿ "ನೋಡ್ತೀನಿ" ಎಂದು ಬರೆಯುವ ಮುನ್ನ ಪಟ್ಟಿಗೆ ಸಾಲು ಹಾಕಿ, ಆಮೇಲೆ ಉತ್ತರಿಸಿ. ಈ ಕ್ರಮ ತಪ್ಪಬಾರದು. ಉತ್ತರ ಕೊಟ್ಟ ಕ್ಷಣಕ್ಕೆ ಕೇಳಿದವರ ಮನಸ್ಸೂ ಹಗುರ, ನಮ್ಮ ಮನಸ್ಸೂ ಹಗುರ. ಬರೆದುಕೊಳ್ಳುವ ತುರ್ತು ಅಲ್ಲಿಗೇ ಸತ್ತುಹೋಗುತ್ತದೆ. ನನ್ನ ಸರ್ಟಿಫಿಕೇಟಿಗೆ ಆದದ್ದು ಅದೇ.

ಸ್ಲ್ಯಾಕ್ ಎಂಬ ಹೆಸರಿನ ಅಕ್ಷರಗಳನ್ನು ಬಿಡಿಸಿದರೆ ಮಾತುಕತೆ ಮತ್ತು ತಿಳಿವಳಿಕೆಯ, ಹುಡುಕಬಹುದಾದ ದಾಖಲೆ ಎಂಬ ಅರ್ಥ ಬರುತ್ತದೆ. ಹುಡುಕಿದರೆ ಸಿಗುತ್ತದೆ ನಿಜ, ಹುಡುಕಬೇಕೆಂದು ನೆನಪಾಗಬೇಕಲ್ಲ. ಉಚಿತ ಪ್ಲಾನ್‌ನಲ್ಲಿರುವ ಸಣ್ಣ ತಂಡಗಳಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣಿಸುವುದೇ ಇಲ್ಲ. ಸ್ಲ್ಯಾಕ್‌ನ ಲೇಟರ್ ವಿಭಾಗವನ್ನು ನಾನು ಬಳಸುತ್ತೇನೆ, ಆದರೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿರುವಾಗ ಮಾತ್ರ. ಡೆಸ್ಕಿಗೆ ಬಂದ ಕೂಡಲೇ ಅದನ್ನು ಪಟ್ಟಿಗೆ ಸುರಿದು ಖಾಲಿ ಮಾಡುತ್ತೇನೆ. ಅದು ಬುಟ್ಟಿ, ಕಣಜವಲ್ಲ.

5. ಬೆಳಗಿನ 25 ನಿಮಿಷ

ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಬೆಳಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ. ನಾವು ಮಲಗಿರುವಾಗ ಅವರ ಒಂದಿಡೀ ಕೆಲಸದ ದಿನ ನಮ್ಮ ಮೇಲೆ ಬಂದು ಬೀಳುತ್ತದೆ. ಅಂಥ ತಂಡದ ಜೊತೆ ಕೆಲಸ ಮಾಡುವ ಬೆಂಗಳೂರು, ಮೈಸೂರು, ಮಂಗಳೂರಿನ ಡೆವಲಪರ್‌ಗಳಿಗೆ ಬೆಳಗ್ಗೆ ಸುಗ್ಗಿಯ ಕಣದ ಹಾಗೆ, ಕಾಳು ಜೊಳ್ಳು ಎಲ್ಲ ಒಟ್ಟಿಗೆ ರಾಶಿ. ಸ್ಟ್ಯಾಂಡಪ್‌ಗೆ ಮೊದಲು 25 ನಿಮಿಷ ಕೂತು ಎಲ್ಲ ಮೂಲಗಳನ್ನೂ ಒಂದೇ ಕ್ರಮದಲ್ಲಿ ಸುತ್ತಿ ಬನ್ನಿ. ನಾನು ಆನ್‌ಕಾಲ್ ಅಲರ್ಟ್‌ನಿಂದ ಶುರುಮಾಡುತ್ತೇನೆ, ಆಮೇಲೆ ರಿವ್ಯೂ, ಜಿರಾ, ಸ್ಲ್ಯಾಕ್, ಇಮೇಲ್. ಆ 25 ನಿಮಿಷದಲ್ಲಿ ಯಾವ ಕೆಲಸವನ್ನೂ ಮಾಡಬಾರದು, ಬರೆದುಕೊಳ್ಳಬೇಕು ಅಷ್ಟೆ. ಒಂದನ್ನು ಮಾಡಲು ಕೂತಿರೋ, ಉಳಿದ ಮೂಲಗಳಿಗೆ ಬರುವ ಹೊತ್ತಿಗೆ ಮಧ್ಯಾಹ್ನ.

6. ಗಿಟ್‌ಹಬ್ ನೋಟಿಫಿಕೇಷನ್‌ಗಳನ್ನು ಜರಡಿ ಹಿಡಿಯಿರಿ

ಅಸೈನ್ಡ್, ಮೆನ್ಷನ್ಡ್, ಟೀಮ್ ಮೆನ್ಷನ್ಡ್, ರಿವ್ಯೂ ರಿಕ್ವೆಸ್ಟೆಡ್ ಎಂಬ ಫಿಲ್ಟರ್‌ಗಳು ಅಲ್ಲೇ ಇವೆ. ರಿವ್ಯೂ ರಿಕ್ವೆಸ್ಟೆಡ್ ಮತ್ತು ಅಸೈನ್ಡ್ ಪಟ್ಟಿಗೆ ಬರಲಿ. ಟೀಮ್ ಮೆನ್ಷನ್ಡ್ ಎಂದರೆ ಹೆಚ್ಚಿನ ಸಲ ಎಲ್ಲರನ್ನೂ ಕೂಗಿದ್ದು. ಸೇವ್ ಮಾಡದ ನೋಟಿಫಿಕೇಷನ್ 5 ತಿಂಗಳ ಮೇಲೆ ಅಳಿಸಿಹೋಗುತ್ತದೆ, ಹಾಗಾಗಿ ಅದನ್ನೇ ಪಟ್ಟಿ ಮಾಡಿಕೊಳ್ಳುವ ಯೋಚನೆ ಬೇಡ.

7. ಬೇರೆಯವರ ಪಿಆರ್ ನಿಮ್ಮ ಕೋಡ್‌ಗಿಂತ ಮೊದಲು

ರಿವ್ಯೂ ಕೇಳಿದವರು ಕೈಕಟ್ಟಿ ಕೂತಿರುತ್ತಾರೆ, ಅಥವಾ ಇನ್ನೊಂದು ಕೆಲಸ ಎತ್ತಿಕೊಂಡು ಇದನ್ನು ಮರೆತಿರುತ್ತಾರೆ. ಎರಡೂ ನಷ್ಟವೇ. ರಿವ್ಯೂ ಕೋರಿಕೆಗೆ ಹೆಚ್ಚೆಂದರೆ ಒಂದು ಕೆಲಸದ ದಿನದೊಳಗೆ ಪ್ರತಿಕ್ರಿಯಿಸಬೇಕು ಎಂದು ಗೂಗಲ್ ತನ್ನ ಎಂಜಿನಿಯರ್‌ಗಳಿಗಾಗಿ ಬರೆದು ಬಹಿರಂಗಪಡಿಸಿದ ಮಾರ್ಗಸೂಚಿಯಲ್ಲಿದೆ. ಒಳ್ಳೆಯ ನಿಯಮ, ಎರವಲು ಪಡೆಯಿರಿ. ಬರೆಯುತ್ತಿರುವ ಕೋಡನ್ನು ನಡುವೆ ಬಿಟ್ಟು ಓಡಬೇಕೆಂದಲ್ಲ. ಊಟ, ಕಾಫಿ, ಮೀಟಿಂಗ್ ಮುಗಿದ ಸಂದು ಇರುತ್ತವಲ್ಲ, ಅಲ್ಲಿ ರಿವ್ಯೂ ಕೂರಿಸಿ.

8. ಸಿಂಕ್ ಒಂದು ಕಡೆಗೆ ಮಾತ್ರ

ಮೂಲಗಳಿಂದ ಪಟ್ಟಿಗೆ ತಾನಾಗಿ ಕೆಲಸ ಹರಿದುಬರುವಂತೆ ಮಾಡುವುದು ಒಳ್ಳೆಯದೇ. ಪಟ್ಟಿಯಿಂದ ಮೂಲಗಳಿಗೆ ವಾಪಸ್ ಹರಿಸಲು ಹೋಗಬೇಡಿ. ಕಾರಣ ಸರಳ. ನಿಮ್ಮ ಪಟ್ಟಿಗೆ ಗೊತ್ತಿರುವುದು ಎರಡೇ ಸ್ಥಿತಿ, ಬಾಕಿ ಮತ್ತು ಆಯಿತು. ಜಿರಾದಲ್ಲಿ ಇನ್ ಪ್ರೋಗ್ರೆಸ್, ಇನ್ ರಿವ್ಯೂ, ಕ್ಯೂಎ, ಡನ್ ಎಂದು ತಂಡಕ್ಕೊಂದು ದಾರಿ. ನಿಮ್ಮ ಪಾಲಿನ ಕೆಲಸ ಆಯಿತೆಂದು ಪಟ್ಟಿಯಲ್ಲಿ ಗುರುತು ಹಾಕುತ್ತೀರಿ, ಸಿಂಕ್ ಹೋಗಿ ಟಿಕೆಟನ್ನೇ ಮುಚ್ಚುತ್ತದೆ. ಇನ್ನೂ ಪರೀಕ್ಷೆ ಮಾಡದ ಕ್ಯೂಎ ಗೆಳತಿಗೆ ತನ್ನ ಕೆಲಸ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಎರಡು ಕಡೆಯೂ ಒಂದೇ ಹೊತ್ತಿಗೆ ಬದಲಾದರೆ ಯಾವುದು ಗೆಲ್ಲಬೇಕು ಎಂಬ ಜಗಳ ಬೇರೆ.

9. ಸ್ಕ್ರಿಪ್ಟ್ ಬರೆಯುವವರು ಗಮನಿಸಬೇಕಾದ್ದು

ಟೋಡೂಇಸ್ಟ್‌ನಂಥ ಆ್ಯಪ್‌ಗಳಿಗೆ ಇವನ್ನೆಲ್ಲ ಜೋಡಿಸುವ ಸಿದ್ಧ ಕೊಂಡಿಗಳು ಸಿಗುತ್ತವೆ. ನಾನು ನೂರೈವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡೆ. 15 ನಿಮಿಷಕ್ಕೊಮ್ಮೆ ಓಡುತ್ತದೆ, ನನ್ನ ಹೆಸರಿನ ಟಿಕೆಟ್ ಮತ್ತು ನನ್ನನ್ನು ಕೇಳಿದ ರಿವ್ಯೂ ತಂದು ಪಟ್ಟಿಯ ಕೆಳಗೆ ಸೇರಿಸುತ್ತದೆ. ಚಿಕ್ಕ ಕೆಲಸ ಅಂದುಕೊಂಡು ಕೈಹಾಕಿದವರೆಲ್ಲ ಬೀಳುವ ಹಳ್ಳಗಳು ಮೂರು.

ಮೊದಲನೆಯದು ಪುಟ. ಗಿಟ್‌ಹಬ್‌ನ ಎಪಿಐನಲ್ಲಿ ಹುಡುಕಿದರೆ ಒಂದು ಸಲಕ್ಕೆ 30 ಉತ್ತರ ಮಾತ್ರ ಬರುತ್ತದೆ, ಕೇಳಿಕೊಂಡರೆ 100ರ ತನಕ. ಮುಂದಿನ ಪುಟ ಕೇಳದ ಸ್ಕ್ರಿಪ್ಟ್ ಯಾವ ಎರರನ್ನೂ ಕೊಡದೆ 31ನೆಯದನ್ನು ನುಂಗಿಬಿಡುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಎಚ್ಚರವಾಗಿರುತ್ತೇವೆ. ಪಟ್ಟಿ ಇದ್ದೂ ಅದು ಅರ್ಧ ಮಾತ್ರ ಎಂದಾದರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ, ಏಕೆಂದರೆ ನಾವು ಅದನ್ನು ನಂಬಿರುತ್ತೇವೆ. ಜಿರಾ ಕೂಡ ಪುಟಪುಟವಾಗಿಯೇ ಕೊಡುವುದು.

ಎರಡನೆಯದು ಗುರುತು. ಒಂದೇ ಕೆಲಸ ಎರಡು ಸಾಲಾಗಿ ಬರಬಾರದೆಂದರೆ ಪ್ರತಿಯೊಂದಕ್ಕೂ ಬದಲಾಗದ ಗುರುತು ಬೇಕು. ಜಿರಾ ಟಿಕೆಟನ್ನು ಬೇರೆ ಪ್ರಾಜೆಕ್ಟಿಗೆ ಸಾಗಿಸಿದರೆ ಪೇ-412 ಹೋಗಿ ಇನ್ನೇನೋ ನಂಬರಾಗುತ್ತದೆ, ಒಳಗಿನ ಅಂಕಿಯ ಐಡಿ ಮಾತ್ರ ಅದೇ ಇರುತ್ತದೆ. ಸ್ಕ್ರಿಪ್ಟ್ ಆ ಐಡಿಯನ್ನು ಹಿಡಿದುಕೊಳ್ಳಲಿ, ಕಣ್ಣಿಗೆ ಕಾಣುವ ನಂಬರು ಓದಲಿಕ್ಕೆ ಮಾತ್ರ ಇರಲಿ.

ಮೂರನೆಯದು ಮಾಯವಾದ ಕೆಲಸ. ಮೂಲದಲ್ಲಿ ಇಲ್ಲವಾದ ಸಾಲನ್ನು ಸ್ಕ್ರಿಪ್ಟ್ ಅಳಿಸಬಾರದು. ಯಾರೋ ಟಿಕೆಟ್ ಮುಚ್ಚಿರಬಹುದು, ಬೇರೆಯವರ ಹೆಸರಿಗೆ ಹಾಕಿರಬಹುದು, ನಿಮ್ಮ ಟೋಕನ್ ಅವಧಿ ಮುಗಿದು ಸರ್ವರು ಏನೂ ಕೊಡದೇ ಇರಬಹುದು. "ಮೂಲದಲ್ಲಿ ಕಾಣುತ್ತಿಲ್ಲ" ಎಂದು ಗುರುತು ಹಾಕಿ ಬಿಡಲಿ, ಅಳಿಸುವ ಕೈ ನಿಮ್ಮದಾಗಿರಲಿ. ಸಾಲಿನ ಪಕ್ಕ ನೀವು ಕೈಯಾರೆ ಬರೆದ ಟಿಪ್ಪಣಿಯನ್ನಂತೂ ಸ್ಕ್ರಿಪ್ಟ್ ಮುಟ್ಟಲೇಬಾರದು.

10. ಟೋಕನ್ ಓದುವಷ್ಟಕ್ಕೇ ಇರಲಿ

ಬರೆಯುವ ಅನುಮತಿ ಬೇಕಾಗಿಯೇ ಇಲ್ಲ. ಟೋಕನನ್ನು ರೆಪೊಸಿಟರಿಯೊಳಗೆ ಇಡಬೇಡಿ. ಕಂಪನಿಯ ಟಿಕೆಟ್ ಹೆಸರುಗಳಲ್ಲೇ ಗಿರಾಕಿಗಳ ವಿವರ ಇರುತ್ತದೆ, ಅವನ್ನು ಹೊರಗಿನ ಆ್ಯಪಿಗೆ ಕಳಿಸುವ ಮೊದಲು ಸೆಕ್ಯುರಿಟಿ ತಂಡವನ್ನು ಕೇಳಿ. ಬೇಡ ಅಂದರೆ ಬೇಡ. ನಿಮ್ಮ ಲ್ಯಾಪ್‌ಟಾಪಿನ ಫೈಲು ಸಾಕು.

11. ಯಾವ ಆ್ಯಪ್ ಎಂಬ ಚರ್ಚೆಗೆ ಒಂದು ಸಂಜೆ ಕೊಡಿ, ಒಂದು ತಿಂಗಳಲ್ಲ

ಜೀನಾ ಟ್ರಪಾನಿ 2006ರಲ್ಲಿ ರೂಪಿಸಿದ ಟೂಡೂ.ಟಿಎಕ್ಸ್‌ಟಿ ಬರೀ ಅಕ್ಷರದ ಫೈಲು, ಒಂದು ಸಾಲಿಗೆ ಒಂದು ಕೆಲಸ. ಇಮ್ಯಾಕ್ಸ್ ಬಳಸುವವರಿಗೆ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮಗಾಗಿ ಬರೆದುಕೊಂಡ ಆರ್ಗ್ ಮೋಡ್ ಇದೆ. ನಾನು ಮೊದಲನೆಯದರಲ್ಲಿ ನಿಂತೆ. ಪಕ್ಕದ ಡೆಸ್ಕಿನವರು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಅವರಿಗೂ ಏನೂ ಕೈತಪ್ಪುತ್ತಿಲ್ಲ.

12. ಪಟ್ಟಿ ಎರಡು ಅಂತಸ್ತಿನದಾಗಿರಲಿ

ಕೆಳಗೆ ಎಲ್ಲ, ಮೇಲೆ ಇವತ್ತಿನ ಐದು. ಸ್ಟ್ಯಾಂಡಪ್ ಮುಗಿದ ಮೇಲೆ ಕೆಳಗಿನಿಂದ ಐದನ್ನು ಎತ್ತಿ ಮೇಲಿಡಿ, ಸಂಜೆಯವರೆಗೆ ಕೆಳಗೆ ನೋಡಬೇಡಿ. ಆರನೆಯದು ತುರ್ತಾಗಿ ಬಂದರೆ ಐದರಲ್ಲೊಂದು ಇಳಿಯಲೇಬೇಕು. ಯಾವುದು ಇಳಿಯಲಿ ಎಂದು ತುರ್ತು ತಂದವರನ್ನೇ ಕೇಳಿ. "ಇದನ್ನ ತಗೊಂಡ್ರೆ ರಿಫಂಡ್ ನಾಳೆಗೆ ಹೋಗುತ್ತೆ, ಪರವಾಗಿಲ್ವಾ?" ಅರ್ಧದಷ್ಟು ತುರ್ತುಗಳು ಈ ಒಂದು ಪ್ರಶ್ನೆಗೇ ನಾಳೆಯವಾಗುತ್ತವೆ.

ಕೆಳಗಿನ ಅಂತಸ್ತು ಎಷ್ಟು ಉದ್ದ ಇರಬಹುದು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಸರದಿಯಲ್ಲಿ ಸರಾಸರಿ ಇರುವ ಕೆಲಸಗಳನ್ನು ದಿನಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ದಿನ ಇರುತ್ತದೆ ಎಂದು ಸಿಗುತ್ತದೆ. 24 ಬಾಕಿ ಇವೆ, ದಿನಕ್ಕೆ 3 ಮುಗಿಸುತ್ತೀರಿ ಎಂದರೆ ಒಂದೊಂದಕ್ಕೂ 8 ದಿನ. ಯಾರಾದರೂ "ನಾಡಿದ್ದು ಕೊಡ್ತೀರಾ?" ಎಂದಾಗ ಹೌದೆನ್ನುವ ಮುನ್ನ ಈ ಭಾಗಾಕಾರ ಮಾಡಿ. ಇನ್ನಷ್ಟು ವೇಗವಾಗಿ ದುಡಿಯುವುದು ನಮ್ಮ ಕೈಯಲ್ಲಿಲ್ಲ, ನನ್ನ ಅನುಭವದಲ್ಲಂತೂ ಇಲ್ಲ. 24ನ್ನು 12ಕ್ಕೆ ಇಳಿಸುವುದು ಕೈಯಲ್ಲಿದೆ, ಆಗ 4 ದಿನ.

13. ಕಾಯುತ್ತಿರುವುದನ್ನೂ ಬರೆಯಿರಿ

"ಅವರಿಗೆ ಹೇಳಿದ್ದೇನೆ" ಎಂಬಲ್ಲಿಗೆ ನಿಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ಯಾರಿಗೆ, ಏನು, ಯಾವತ್ತು ಕೇಳಿದೆ, ಮತ್ತೆ ಯಾವತ್ತು ಕೇಳಬೇಕು: ಬೇರೆ ತಲೆಬರಹದ ಕೆಳಗೆ ಇದನ್ನು ಬರೆದಿಡಿ. ಫೈರ್‌ವಾಲ್ ತೆರೆಯಲು ಇನ್‌ಫ್ರಾ ತಂಡಕ್ಕೆ ಕೊಟ್ಟ ಕೋರಿಕೆ, ಡಿಸೈನರ್‌ನಿಂದ ಬರಬೇಕಾದ ಐಕಾನು, ನಿಮ್ಮ ಪಿಆರ್‌ಗೆ ಬೇಕಾದ ಅಪ್ರೂವಲ್. ಮೂರನೇ ದಿನ ನೀವು ಹೋಗಿ ನೆನಪಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮೂರನೇ ವಾರ ಹೋಗಿ ದೂರಿದರೆ ಮಾಡಿಕೊಳ್ಳುತ್ತಾರೆ.

14. ತಾರೀಕು ನಿಜವಾಗಿದ್ದರೆ ಮಾತ್ರ ಹಾಕಿ

ಎಲ್ಲದಕ್ಕೂ ಶುಕ್ರವಾರ ಎಂದು ಬರೆದರೆ ಶುಕ್ರವಾರಕ್ಕೆ ಬೆಲೆ ಉಳಿಯುವುದಿಲ್ಲ. ಹೊರಗಿನವರು ಗೊತ್ತುಮಾಡಿದ, ತಪ್ಪಿದರೆ ಏನೋ ಒಡೆಯುವ ತಾರೀಕು ಮಾತ್ರ ಹಾಕಿ, ಹೊತ್ತನ್ನು ಭಾರತದ ಸಮಯದಲ್ಲಿ ಬರೆಯಿರಿ. 14ರ ರಾತ್ರಿ 11:59 ಯುಟಿಸಿ ಎಂದರೆ ನಮಗೆ 15ರ ನಸುಕು.

15. ಮತ್ತೆ ಮತ್ತೆ ಬರುವ ಕೆಲಸಕ್ಕೆ ಜಾಗ ಪಟ್ಟಿಯಲ್ಲಲ್ಲ, ಯಂತ್ರದಲ್ಲಿ

ಸರ್ಟಿಫಿಕೇಟ್ ಕತೆಯ ನಿಜವಾದ ಪಾಠ ನನಗೆ ತಡವಾಗಿ ಗೊತ್ತಾಯಿತು. ಪಟ್ಟಿ ಇದ್ದಿದ್ದರೆ ಅವತ್ತು ಬಚಾವಾಗುತ್ತಿದ್ದೆ ನಿಜ, ಆದರೆ ಆ ಕೆಲಸ ಮನುಷ್ಯರ ಪಟ್ಟಿಯಲ್ಲಿ ಇರಲೇಬಾರದಿತ್ತು. ಲೆಟ್ಸ್ ಎನ್‌ಕ್ರಿಪ್ಟ್‌ನವರು ಉಚಿತವಾಗಿ ಕೊಡುತ್ತ ಬಂದದ್ದು 90 ದಿನದ ಸರ್ಟಿಫಿಕೇಟ್, ಅದನ್ನು ತಾನಾಗಿ ನವೀಕರಿಸುವ ತಂತ್ರಾಂಶಗಳೂ ಇವೆ. ದುಡ್ಡು ಕೊಟ್ಟು ತರುವ ಸರ್ಟಿಫಿಕೇಟುಗಳ ಆಯುಸ್ಸೂ ಕುಗ್ಗುತ್ತಿದೆ. ಬ್ರೌಸರ್ ಮತ್ತು ಸರ್ಟಿಫಿಕೇಟ್ ಕಂಪನಿಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದ ಹಾಗೆ, ಗರಿಷ್ಠ 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ಮಾಡುತ್ತಿದ್ದದ್ದನ್ನು ಒಂದೂವರೆ ತಿಂಗಳಿಗೊಮ್ಮೆ ಕೈಯಲ್ಲಿ ಮಾಡುವುದು ಆಗದ ಮಾತು.

ಆದ್ದರಿಂದ ಪಟ್ಟಿಯಲ್ಲಿ ಒಂದೇ ಸಾಲು ಮೂರನೇ ಸಲ ಬಂದಾಗ ಅದರ ಕೆಳಗೆ ಹೊಸ ಸಾಲು ಬರೆಯಿರಿ: ಇದನ್ನು ತಾನಾಗಿ ಆಗುವಂತೆ ಮಾಡು. ಡಿಪೆಂಡೆನ್ಸಿ ಅಪ್‌ಡೇಟ್, ಹಳೇ ಲಾಗ್ ಅಳಿಸುವುದು, ಸೋಮವಾರದ ವರದಿ ಎಲ್ಲಕ್ಕೂ ಇದೇ ಮಾತು. ಯಂತ್ರ ಸೋತಾಗ ಮಾತ್ರ ಅದು ನಿಮ್ಮ ಪಟ್ಟಿಗೆ ಬರಲಿ.

16. ಬಿಟ್ಟೇಳುವಾಗ ಎಲ್ಲಿ ಬಿಟ್ಟೆ ಎಂದು ಬರೆಯಿರಿ

ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ತೋರಿಸಿದಂತೆ, ಮುಗಿಯದ ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದೆಯೇ ಉಳಿಯುತ್ತದೆ. ಮೀಟಿಂಗಿಗೆ ಕರೆದರೆ ಏಳುವ ಮುನ್ನ ಅರ್ಧ ನಿಮಿಷ ಕೊಟ್ಟು ಬರೆಯಿರಿ: "ಟೈಮ್‌ಔಟ್ 30 ಸೆಕೆಂಡ್ ಮಾಡಿ ನೋಡಿದೆ, ಉಪಯೋಗವಿಲ್ಲ. ಮುಂದೆ ರೀಟ್ರೈ ಕೋಡ್ ನೋಡು." ವಾಪಸ್ ಬಂದಾಗ ಅಲ್ಲಿಂದಲೇ ಶುರು.

17. ಮುಗಿದದ್ದನ್ನು ಎರಡು ಕಡೆ ಮುಗಿಸಿ

ಪಟ್ಟಿಯಲ್ಲಿ ಗುರುತು ಹಾಕುವುದು ಒಂದು, ಕೇಳಿದವರಿಗೆ ಅವರು ಕೇಳಿದ ಜಾಗದಲ್ಲೇ ಹೇಳುವುದು ಇನ್ನೊಂದು. ಸ್ಲ್ಯಾಕ್‌ನಲ್ಲಿ ಕೇಳಿದ್ದರೆ ಅದೇ ಥ್ರೆಡ್‌ನಲ್ಲಿ. ಕಮಿಟ್ ಸಂದೇಶದಲ್ಲಿ ಜಿರಾ ನಂಬರು ಬರೆಯುವ ಅಭ್ಯಾಸವಿದ್ದು, ಎರಡೂ ಟೂಲ್‌ಗಳನ್ನು ಕಂಪನಿ ಜೋಡಿಸಿಟ್ಟಿದ್ದರೆ, ಕೋಡ್ ತಾನಾಗಿ ಟಿಕೆಟ್ ಪಕ್ಕ ಕಾಣಿಸಿಕೊಳ್ಳುತ್ತದೆ. ಗಿಟ್‌ಹಬ್ ಇಶ್ಯೂ ಆದರೆ ಪಿಆರ್ ವಿವರಣೆಯಲ್ಲಿ ಕ್ಲೋಸಸ್ ಎಂದು ಬರೆದು ನಂಬರು ಹಾಕಿದರೆ ಮುಖ್ಯ ಬ್ರ್ಯಾಂಚಿಗೆ ಮರ್ಜ್ ಆದಾಗ ಅದು ತಾನೇ ಮುಚ್ಚುತ್ತದೆ. ಬೇರೆ ಬ್ರ್ಯಾಂಚಿಗೆ ಮರ್ಜ್ ಮಾಡಿ ಯಾಕೆ ಮುಚ್ಚಲಿಲ್ಲ ಎಂದು ಹುಡುಕಬೇಡಿ.

18. ಶುಕ್ರವಾರ ಸಂಜೆ ಅರ್ಧ ಗಂಟೆ

ಮೂರು ವಾರ ದಾಟಿದ ಸಾಲುಗಳನ್ನು ಲೀಡ್ ಜೊತೆ ಕೂತು ನೋಡಿ. ಪ್ರತಿಯೊಂದಕ್ಕೂ ಇರುವುದು ಮೂರೇ ದಾರಿ: ಮುಂದಿನ ವಾರ ಮಾಡುತ್ತೇನೆ, ಬೇರೆಯವರಿಗೆ ಕೊಡುತ್ತೇನೆ, ಮಾಡುವುದಿಲ್ಲ. ಮೂರನೆಯದನ್ನು ಹೇಳಲು ನಮಗೆ ಸಂಕೋಚ ಹೆಚ್ಚು. ಹಿರಿಯರು ಕೇಳಿದ್ದಾರೆ, ಹೇಗೆ ಇಲ್ಲ ಅನ್ನುವುದು ಎಂದು ವರ್ಷಗಟ್ಟಲೆ ಸಾಲನ್ನು ಹೊತ್ತುಕೊಂಡು ತಿರುಗುತ್ತೇವೆ. ಆಗುವುದಿಲ್ಲ ಎಂದು ಇವತ್ತು ತಿಳಿದರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ತಿಳಿಸದೆ ಇಟ್ಟುಕೊಂಡರೆ ಅವರ ದಾರಿಯನ್ನೂ ಮುಚ್ಚಿದ ಹಾಗೆ.

19. ರಜೆಗೆ ಹೊರಡುವಾಗ ಪಟ್ಟಿಯನ್ನೇ ಕೈಗಿಡಿ

ಹೋದ ದಸರಾಕ್ಕೆ ಒಂದು ವಾರ ಊರಿಗೆ ಹೋಗಬೇಕಿತ್ತು. ಮೊದಲೆಲ್ಲ ಹ್ಯಾಂಡೋವರ್ ಡಾಕ್ಯುಮೆಂಟ್ ಬರೆಯಲು ಒಂದು ದಿನ ಹಿಡಿಯುತ್ತಿತ್ತು, ಬಿಟ್ಟುಹೋದದ್ದು ನೆನಪಾಗಿ ದಾರಿಯುದ್ದಕ್ಕೂ ಫೋನ್ ಮಾಡುತ್ತಿದ್ದೆ. ಈ ಸಲ ಬಾಕಿ ಇದ್ದ 11 ಸಾಲುಗಳ ಮುಂದೆ ಯಾರು ನೋಡುತ್ತಾರೆ ಎಂದು ಹೆಸರು ಬರೆದೆ, ಲಿಂಕುಗಳು ಹೇಗೂ ಇದ್ದವು. ಇಪ್ಪತ್ತು ನಿಮಿಷದ ಕೆಲಸ. ಒಂದು ಹಳೇ ಸರ್ವರು ಇನ್ನೂ ತಾನಾಗಿ ನವೀಕರಿಸುವ ವ್ಯವಸ್ಥೆಗೆ ಸೇರಿರಲಿಲ್ಲ. ಅದರ ಸಾಲನ್ನು ಆವತ್ತು ಸ್ಟ್ಯಾಂಡಪ್‌ನಲ್ಲಿ ನನ್ನನ್ನು ಕೇಳಿದ ಆ ಹುಡುಗಿಯ ಹೆಸರಿಗೆ ಹಾಕಿ, ಸ್ಲ್ಯಾಕ್‌ನಲ್ಲಿ ತಿಳಿಸಿದೆ. ರೈಲು ಯಶವಂತಪುರ ಬಿಡುವ ಹೊತ್ತಿಗೆ ಉತ್ತರ ಬಂತು. ಎಮೋಜಿ ಇರಲಿಲ್ಲ. "ಬರೆದುಕೊಂಡೆ ಸರ್. ನನ್ನ ಪಟ್ಟಿಯಲ್ಲಿ 14ನೇ ಸಾಲು, ಮಂಗಳವಾರ ಮಾಡ್ತೀನಿ."